ಸಿ ಡ್ರೈವ್ ಕೆಂಪಾಗಿದೆ, ಸಿಸ್ಟಮ್ ಫೈಲ್ ಅಳಿಸಿಬಿಡಲಾ?

ಡೊಂಬಿವಲಿಯಲ್ಲಿ ನಮ್ಮವರ ಮದುವೆಗೆ ಹೋದರೂ ಅಷ್ಟೇ, ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ನಾಟಕ ನೋಡಲು ಹೋದರೂ ಅಷ್ಟೇ. ಕಾಫಿ ಕೈಗೆ ಬರುವ ಮುಂಚೆ ಯಾರಾದರೂ ಕೇಳುತ್ತಾರೆ: "ನೀವು ಕಂಪ್ಯೂಟರಿನವರಲ್ವಾ? ಸಿ ಡ್ರೈವ್ ತುಂಬಿ ಕೆಂಪಾಗಿದೆ. ಏನೇನೋ ಸಿಸ್ಟಮ್ ಫೈಲ್ ಇವೆ, ಅಳಿಸಿಬಿಡಲಾ?"

ಅಳಿಸಬಹುದು. ಆದರೆ ಡಿಲೀಟ್ ಕೀ ಒತ್ತಿ ಅಲ್ಲ, ವಿಂಡೋಸ್ ಕೈಯಲ್ಲೇ ತೆಗೆಸಬೇಕು. ಒಮ್ಮೆ ನಾನೇ ಬುದ್ಧಿವಂತಿಕೆ ತೋರಿಸಲು ಹೋಗಿ ವಿಂಡೋಸ್ ಒಳಗಿನ ಇನ್‌ಸ್ಟಾಲರ್ ಫೋಲ್ಡರ್ ಖಾಲಿ ಮಾಡಿದ್ದೆ. ಜಾಗವೇನೋ ಸಿಕ್ಕಿತು. ಆಮೇಲೆ ಕೆಲವು ಸಾಫ್ಟ್‌ವೇರ್ ಅಪ್‌ಡೇಟ್ ಆಗಲೂ ಇಲ್ಲ, ತೆಗೆಯಲು ಹೋದರೆ ಹೋಗಲೂ ಇಲ್ಲ.

ಹೋದ ವರ್ಷ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಮಾಮ ಲ್ಯಾಪ್‌ಟಾಪ್ ಹಿಡಿದು ಬಂದರು. 256 ಜಿಬಿ ಡಿಸ್ಕ್, ಉಳಿದದ್ದು 3 ಜಿಬಿ. "ಅಂಗಡಿಯವ ಟೋಪಿ ಹಾಕಿದ ಮಾರಾಯ, ಒಟ್ಟು 238 ಅಂತ ತೋರಿಸ್ತದೆ" ಎಂದರು. ಟೋಪಿ ಅಲ್ಲ. ಡಿಸ್ಕ್ ಮಾಡುವವರದು ಸಾವಿರದ ಲೆಕ್ಕ, ವಿಂಡೋಸ್‌ನದು 1024ರ ಲೆಕ್ಕ.

ಅಡಗಿಸಿಟ್ಟ ಫೈಲ್‌ಗಳನ್ನು ತೋರಿಸುವಂತೆ ಮಾಡಿದೆ. ಮೊದಲು ಕಂಡದ್ದು ಹೈಬರ್‌ಫಿಲ್ ಡಾಟ್ ಸಿಸ್, 6 ಜಿಬಿಗೂ ಜಾಸ್ತಿ. ಹೈಬರ್ನೇಟ್ ಮಾಡಿದಾಗ, ಅಂದರೆ ತೆರೆದ ಕೆಲಸ ಹಾಗೇ ಉಳಿಸಿ ಲ್ಯಾಪ್‌ಟಾಪ್ ಆಫ್ ಮಾಡಿದಾಗ, ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿ ಇದ್ದದ್ದನ್ನು ಡಿಸ್ಕಿನಲ್ಲಿ ಬರೆದಿಡುವ ಜಾಗ ಅದು. ಸಾಮಾನ್ಯವಾಗಿ ರ‍್ಯಾಮ್‌ನ ಶೇಕಡಾ 40ರಷ್ಟು ಇರುತ್ತದೆ. ಮಾಮನ ಲ್ಯಾಪ್‌ಟಾಪ್ ಮೇಜು ಬಿಟ್ಟು ಅಲ್ಲಾಡುವುದಿಲ್ಲ, ಅವರಿಗೆ ಅದು ಬೇಡ. ಆಜ್ಞೆ ಟೈಪ್ ಮಾಡುವ ಕಿಟಕಿಯಾದ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಪವರ್‌ಸಿಎಫ್‌ಜಿ, ಸ್ಲ್ಯಾಶ್ ಎಚ್, ಆಫ್ ಅಂತ ಟೈಪ್ ಮಾಡಿದೆ. ಫೈಲ್ ಮಾಯ. ಜೊತೆಗೆ ಕಂಪ್ಯೂಟರ್ ಬೇಗ ಆನ್ ಆಗಲು ಇರುವ ಫಾಸ್ಟ್ ಸ್ಟಾರ್ಟ್‌ಅಪ್ ಕೂಡ ಹೋಗುತ್ತದೆ, ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಇದ್ದರೆ ಅದು ದೊಡ್ಡ ವಿಷಯವಲ್ಲ. ಆದರೆ ಲೋಕಲ್ ಟ್ರೇನಿನಲ್ಲಿ ಸೀಟು ಸಿಕ್ಕಿದ ಕೂಡಲೇ ಲ್ಯಾಪ್‌ಟಾಪ್ ತೆರೆಯುವವರು ಈ ಫೈಲ್ ಇಟ್ಟುಕೊಳ್ಳಿ. ಬ್ಯಾಟರಿ ಮುಗಿಯುತ್ತಾ ಬಂದಾಗ ಕೆಲಸ ಉಳಿಸುವುದು ಅದೇ.

ಪಕ್ಕದ ಪೇಜ್‌ಫೈಲ್ ತಂಟೆಗೆ ಹೋಗಬೇಡಿ. ರ‍್ಯಾಮ್ ಸಾಲದಾಗ ಅದು ಬೇಕು.

ಮಾಮ ಹೆದರಿದ್ದು ವಿಂಡೋಸ್ ತನ್ನ ಭಾಗಗಳನ್ನು ಇಟ್ಟುಕೊಳ್ಳುವ ವಿನ್ ಎಸ್ ಎಕ್ಸ್ ಎಸ್ ಫೋಲ್ಡರ್ ನೋಡಿ. ಅಷ್ಟು ದೊಡ್ಡದು! ಆದರೆ ಅದರಲ್ಲಿ ಎಷ್ಟೋ ಫೈಲ್ ಬೇರೆ ಫೋಲ್ಡರಿನಲ್ಲೂ ಕಾಣುವ ಅದೇ ಫೈಲ್. ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ. "ನಿಮ್ಮ ಹೆಸರು ಕುಂದಾಪುರದ ಮನೆಯ ಲೆಕ್ಕದಲ್ಲೂ ಇದೆ, ಇಲ್ಲಿಯ ಲೆಕ್ಕದಲ್ಲೂ ಇದೆ. ಊಟ ಮಾಡುವ ಹೊಟ್ಟೆ ಒಂದೇ ಅಲ್ವಾ ಮಾಮ?" ಎಂದೆ. ನಕ್ಕರು.

ನಿಜವಾದ ಹೊರೆ ಬೇರೆ ಇತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತಲ್ಲ, ಅದಕ್ಕೆ ಅವರ ಮಗ ಆ ವಾರ 11 ಹಾಕಿಕೊಟ್ಟಿದ್ದ. ಹಳೆಯದೆಲ್ಲ ವಿಂಡೋಸ್ ಡಾಟ್ ಓಲ್ಡ್ ಅಂತ ಹಾಗೇ ಕೂತಿತ್ತು, 20 ಜಿಬಿ ದಾಟಿ. 10 ದಿನ ಸುಮ್ನೆ ಬಿಟ್ಟರೆ ತಾನೇ ಹೋಗುತ್ತದೆ. ಈಗಲೇ ತೆಗೆದರೆ ವಿಂಡೋಸ್ 10ಕ್ಕೆ ವಾಪಸ್ ಹೋಗುವ ದಾರಿ ಇಲ್ಲ. "ವಾಪಸ್ ಯಾರು ಹೋಗ್ತಾರೆ" ಎಂದರು ಮಾಮ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್. ಅಲ್ಲಿ ಟಿಕ್ ಮಾಡಿ ತೆಗೆದೆವು.

ಅದೇ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಅಂತಲೂ ಇರುತ್ತದೆ, ಹುಷಾರು. ಮಾಮ ಅದಕ್ಕೂ ಟಿಕ್ ಹಾಕಲು ಹೊರಟಿದ್ದರು. ತಡೆದು ತೆರೆದು ನೋಡಿದರೆ ಸೊಸೈಟಿಯ ರಸೀದಿಗಳು, ಮತ್ತೆ ಮಗಳ ಸೀಮಂತದ ಒಂದೇ ವಿಡಿಯೋ ಮೂರು ಸಲ.

"ಎರಡು ಅಳಿಸಲಾ?" ಎಂದರು.

"ಅದು ಸಿಸ್ಟಮ್ ಫೈಲ್ ಅಲ್ಲ ಮಾಮ. ಮಾಮಿಯನ್ನು ಕೇಳಿ."