ಚಾವಡಿಯ ಗಮ್ಮು

ಕುಂಜಿಬೆಟ್ಟಿನ ನಮ್ಮ ಮನೆಯ ಚಾವಡಿಗೆ ಹಾಕಿದ್ದು ಕಡಪ ಕಲ್ಲು. 1998ರಲ್ಲಿ ನಾದಿನಿಯ ನಿಶ್ಚಿತಾರ್ಥದ ಹೊತ್ತಿಗೆ, ಕಪ್ಪು ನೆಲ ಮಂಕಾಗಿ ಕಾಣುತ್ತದೆಂದು ಮಾವ ಅದರ ಮೇಲೆ ಮರದ ಗೆರೆಯ ಪ್ಲಾಸ್ಟಿಕ್ ಶೀಟು ಅಂಟಿಸಿದ್ದರು. ಈ ಮಳೆಗಾಲದಲ್ಲಿ ಅಡಿಗೆ ನೀರಿಳಿದು ಶೀಟು ಉಬ್ಬಿತು. ಒಂದು ಮೂಲೆ ಹಿಡಿದು ಎಳೆದೆ, ಚಾಪೆ ಸುತ್ತಿದ ಹಾಗೆ ಬಂತು. ಗಮ್ಮು ಮಾತ್ರ ಕಲ್ಲಲ್ಲೇ ಕೂತಿತು, ಒಣಗಿದ ಹಲಸಿನ ಮೇಣದ ಬಣ್ಣದಲ್ಲಿ.

ಮೇಣದ ಹಾಗೆ ಕಂಡದ್ದಕ್ಕೆ ಮೊದಲು ತೆಂಗಿನೆಣ್ಣೆ ಹಚ್ಚಿದೆ. ಹಲಸು ಕೊಯ್ದ ಕೈಗೆ ಅದೇ ಅಲ್ಲವೇ ಮದ್ದು! ಇಲ್ಲಿ ಗಮ್ಮು ಕದಲಲಿಲ್ಲ, ಎಣ್ಣೆಯನ್ನು ಕಲ್ಲು ಕುಡಿಯಿತು. ಬಿಸಿನೀರು, ಸೋಪಿನ ಪುಡಿಯೂ ಅಷ್ಟೆ. ರಬ್ಬರಿನ ಗಮ್ಮಿಗೆ ನೀರು ತಾಗುವುದೇ ಇಲ್ಲ. ಮೂರನೇ ದಿನ ಸಿಟ್ಟು ಬಂದು ಬಚ್ಚಲು ತೊಳೆಯುವ ಆಸಿಡ್ ಸುರಿದೆ.

ನೊರೆ ಉಕ್ಕಿತು. ಕೆಲಸ ಆಗುತ್ತಿದೆ ಅಂತ ಖುಷಿಪಟ್ಟೆ. ಒರೆಸಿ ನೋಡಿದರೆ ಗಮ್ಮು ಹಾಗೇ ಇದೆ, ಸುತ್ತಲಿನ ಕಲ್ಲು ಬೂದಿಯ ಹಾಗೆ ಬೆಳ್ಳಗಾಗಿದೆ.

"ಎಂತ ಮಾಡಿದ್ದು ನೀನು?" ಅಂದರು ಅತ್ತೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಕೊಟ್ಟದ್ದು ಹಂಚು ಸರಿಮಾಡಲು ಬಂದ ಮೇಸ್ತ್ರಿ. ಹಿತ್ತಲಿನ ಕಡೆಯುವ ಕಲ್ಲನ್ನು ತೋರಿಸಿ, "ಅಕ್ಕ, ಇದರಲ್ಲಿ ಎಷ್ಟು ವರ್ಷ ಹುಳಿ ಅರೆದಿದ್ದೀರಿ, ಏನಾದರೂ ಆಯ್ತಾ? ಇದು ಕರಿಕಲ್ಲು. ನಿಮ್ಮ ಕಡಪ ಸುಣ್ಣದ ಕಲ್ಲು" ಎಂದರು. ಒಂದು ನಿಂಬೆಹಣ್ಣು ತಂದು ಎರಡರ ಮೇಲೂ ಒಂದೊಂದು ಹನಿ ಬಿಟ್ಟೆ. ಕಡೆಯುವ ಕಲ್ಲು ಸುಮ್ಮನಿತ್ತು, ಕಡಪದ ಮೇಲಿನ ಹನಿಯಲ್ಲಿ ಸಣ್ಣ ಗುಳ್ಳೆಗಳೆದ್ದವು. ಸುಣ್ಣದ ಕಲ್ಲಿಗೆ ಆಸಿಡ್ ಬಿದ್ದರೆ ಕಲ್ಲೇ ಕರಗುತ್ತದೆ. ನಾನು ನೋಡಿ ಖುಷಿಪಟ್ಟ ನೊರೆ ನೆಲದ್ದು! ನಿಂಬೆ, ವಿನೆಗರ್, ಹುಣಸೆ ಎಲ್ಲವೂ ಇದಕ್ಕೆ ವಿಷವೇ. ಕಾರ್ಕಳದ ಗೊಮ್ಮಟ 1432ರಿಂದ ಮಳೆಯಲ್ಲಿ ನಿಂತಿದ್ದಾನೆ ನಿಜ, ಆದರೆ ಅವನು ಗ್ರಾನೈಟು.

ಆಮೇಲೆ ಪೇಂಟ್ ಅಂಗಡಿಯಿಂದ ಥಿನ್ನರ್ ತಂದೆ. ಬಾಗಿಲಿನ ಹಿಂದೆ ಕಾಣದ ಮೂಲೆಯಲ್ಲಿ ಒಂದಿಷ್ಟು ಹಚ್ಚಿ, ಮರುದಿನ ಬಣ್ಣ ಹಾಗೇ ಇದೆಯೆಂದು ನೋಡಿಯೇ ಮುಂದುವರಿದದ್ದು. ಬಾಗಿಲು ಕಿಟಕಿ ತೆರೆದು, ಅಡುಗೆಮನೆಯ ಸಿಲಿಂಡರ್ ಬಂದ್ ಮಾಡಿದೆ. ಸಂಜೆಯ ದೀಪವನ್ನು ಅಂಗಳದ ತುಳಸಿಯ ಹತ್ತಿರ ಮಾತ್ರ ಇಡಿ ಅಂದದ್ದಕ್ಕೆ ಅತ್ತೆ ಗೊಣಗಿದರು. ಬೆಂಕಿಯ ಕಿಡಿ ಸಾಕು, ಥಿನ್ನರಿನ ಆವಿ ಹತ್ತಿಕೊಳ್ಳುತ್ತದೆ.

ಗುಟ್ಟು ಉಜ್ಜುವುದರಲ್ಲಿಲ್ಲ, ಕಾಯುವುದರಲ್ಲಿದೆ. ಥಿನ್ನರಿನಲ್ಲಿ ನೆನೆಸಿದ ಹಳೇ ಪಂಚೆಯ ತುಂಡು ಹಾಸಿ, ಆರದ ಹಾಗೆ ಮೇಲೆ ಪ್ಲಾಸ್ಟಿಕ್ ಮುಚ್ಚಿ ಅರ್ಧ ಗಂಟೆ ಬಿಟ್ಟೆ. ಗಮ್ಮು ಬೆಲ್ಲದ ಪಾಕದಷ್ಟು ಮೆತ್ತಗಾಯಿತು. ಎಬ್ಬಿಸಿದ್ದು ಗೆರಟೆಯ ಅಂಚಿನಿಂದ. ಕಬ್ಬಿಣದ ಪಟ್ಟಿ ಗೀರು ಹಾಕುತ್ತದೆ, ಹಳೇ ಎಟಿಎಂ ಕಾರ್ಡು ಥಿನ್ನರಿಗೆ ತಾನೇ ಮೆತ್ತಗಾಗಿ ಬಾಗಿತು. ಎಬ್ಬಿಸಿದ ಕೂಡಲೇ ಒರೆಸಬೇಕು, ಇಲ್ಲವಾದರೆ ಕರಗಿದ್ದು ಕಲ್ಲಿನ ರಂಧ್ರಕ್ಕೆ ಇಳಿಯುತ್ತದೆ. ಹಾಗೆ ಇಳಿದ ಕಡೆ ಚಾಕ್ ಪುಡಿಯನ್ನು ಥಿನ್ನರಿನಲ್ಲಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ಮೆತ್ತಿ, ಒಂದು ರಾತ್ರಿ ಮುಚ್ಚಿಟ್ಟು, ಬೆಳಿಗ್ಗೆ ತೆರೆದು ಆರಲು ಬಿಟ್ಟೆ. ಆರುತ್ತಾ ಪುಡಿ ಹಳದಿಯಾಯಿತು. ನನ್ನ ತೆಂಗಿನೆಣ್ಣೆಯಲ್ಲೂ ಸ್ವಲ್ಪ ಹೀಗೇ ಹೊರಗೆ ಬಂತು.

ದಿನಕ್ಕೆ ನಾಲ್ಕು ಕಲ್ಲು, ಹನ್ನೊಂದು ದಿನ. ಬೆಳ್ಳಗಾದ ಜಾಗವನ್ನು ನೀರು ಹಾಕಿ 400, 800, 1500 ನಂಬರಿನ ವಾಟರ್ ಪೇಪರಿನಲ್ಲಿ ಉಜ್ಜಿದೆ. ಮುಕ್ಕಾಲು ಪಾಲು ಹೊಳಪು ಬಂತು. ಉಳಿದ ಕಾಲು ಪಾಲಿನ ಮೇಲೆ ಅತ್ತೆ ತಮ್ಮ ಮಣೆ ಇಟ್ಟುಕೊಂಡು ಹೂ ಕಟ್ಟುತ್ತಾರೆ. ನಾದಿನಿ ಬಂದಾಗ ಮಾತ್ರ ಮಣೆ ಸರಿಸಿ ತೋರಿಸುತ್ತಾರೆ.