ಕೈ ಎತ್ತಿದ್ರೆ ಟಾಪೂ ಮೇಲೆ

ನಲಿಕಲಿ ಕ್ಲಾಸ್ (ಒಂದರಿಂದ ಮೂರನೇ ಕ್ಲಾಸ್ ಮಕ್ಕಳಿಗೆ ಚಟುವಟಿಕೆ ಮೂಲಕ ಕಲಿಸೋದು) ತಗೊಳ್ಳೋ ಟೀಚರ್‌ಗಳಿಗೆ ಈ ಕಷ್ಟ ಬಿಡಿಸಿ ಹೇಳೋದೇ ಬೇಡ. ತಲೆ ಮೇಲೆ ದಾರ ಕಟ್ಟಿ ಕಲಿಕಾ ಚಪ್ಪರ ಮಾಡಿರ್ತೀವಲ್ಲ, ಮಕ್ಕಳು ಬರ್ದಿದ್ದು ಬಿಡಿಸಿದ್ದು ಎಲ್ಲಾ ಅದಕ್ಕೇ ನೇತು ಹಾಕ್ಬೇಕು, ಏನಿಲ್ಲ ಅಂದ್ರೂ ದಿನಕ್ಕೆ ಇಪ್ಪತ್ತು ಸಲ ಎರಡೂ ಕೈ ಮೇಲೆ ಹೋಗತ್ತೆ. ನನ್ನ ಕೈ ಮೇಲೆ ಹೋದ್ರೆ ಚೂಡಿದಾರ್ ಟಾಪೂ ಜೊತೆಗೇ ಹೋಗ್ತಿತ್ತು, ಸೈಡ್ ಸ್ಲಿಟ್ ಇರೋದು ಸೊಂಟದ ಮೇಲಕ್ಕೆ ಬಂದು ನಿಲ್ತಿತ್ತು. ಒಂದು ಕೈಲಿ ಕ್ಲಿಪ್ಪು, ಇನ್ನೊಂದು ಕೈಲಿ ಟಾಪ್ ಕೆಳಗೆ ಎಳ್ಕೊಳ್ಳೋದು, ಇಷ್ಟರಲ್ಲೇ ಒಂಬತ್ತು ವರ್ಷ ಸರ್ವಿಸ್ ಆಯ್ತು.

ಟೇಲರ್‌ಗೆ ಹೇಳಿಲ್ವಾ ಅಂತ ಕೇಳ್ತೀರಾ, ಹೇಳಿದೀನಿ, ಮೂರು ಊರಿನ ಟೇಲರ್‌ಗಳಿಗೆ ಹೇಳಿದೀನಿ. ಪಾಪ ಯಾರೂ ಕೆಟ್ಟವರಲ್ಲ. "ಕಂಕುಳ ಹತ್ರ ಟೈಟ್ ಆಗತ್ತೆ, ಕೈ ಎತ್ತಕ್ಕಾಗಲ್ಲ" ಅಂದ್ರೆ ಎಲ್ಲರೂ ಮಾಡ್ತಿದ್ದಿದ್ದು ಒಂದೇ, ಕಂಕುಳು ಇನ್ನೂ ಅರ್ಧ ಇಂಚು ಕೆತ್ತಿ ಕೊಡೋದು. ಆಮೇಲೆ ಅದೇ ಟಾಪನ್ನ ಅಳತೆಗೆ ಅಂತ ಮುಂದಿನ ಟೇಲರ್‌ಗೆ ಕೊಡ್ತಿದ್ದೆ ನೋಡಿ, ಅವರು ಅದನ್ನ ಹಾಗೇ ಇಳಿಸ್ಕೊಂಡು, ಮತ್ತೆ ನಾನು ಟೈಟ್ ಅಂದಾಗ ಮತ್ತೆ ಕೆತ್ತಿ, ಹೀಗೆ ಒಂದರ ತಪ್ಪು ಇನ್ನೊಂದಕ್ಕೆ ದಾಟಿ ದಾಟಿ ಕೊನೆಕೊನೆಗೆ ನನ್ನ ಟಾಪುಗಳ ಕಂಕುಳು ಹೆಚ್ಚುಕಮ್ಮಿ ಪಕ್ಕೆಲುಬಿನ ಹತ್ರ ಬಂದಿತ್ತು. ಇಷ್ಟಾದ್ರೂ ಭುಜ ಮಾತ್ರ ಜಾರೋದು.

ನಾನಿರೋದು ಕೊಡಗಿನ ಮೂರ್ನಾಡು ಹತ್ರ ಒಂದು ತೋಟದ ಮನೆಯ ಔಟ್‌ಹೌಸ್‌ನಲ್ಲಿ, ಬಾಡಿಗೆಗೆ. ಊರು ಅರಕಲಗೂಡು ಕಡೆ. ಮನೆ ಓನರ್ ಕೊಡವ ಆಂಟಿ, ಎಪ್ಪತ್ತು ದಾಟಿದೆ, ಒಬ್ಬರೇ ಇದಾರೆ, ಅವರ ಹತ್ರ ಒಂದು ಹಳೇ ಕಾಲಲ್ಲಿ ತುಳಿಯೋ ಸಿಂಗರ್ ಮಿಷನ್ ಇದೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಎರಡು ದಿನ ಮೂರು ದಿನ ಬರಲ್ಲ, ಮೋಟಾರ್ ಮಿಷನ್ ಇಟ್ಕೊಂಡು ಏನ್ ಮಾಡೋದು, ಆ ಸಿಂಗರ್ ಇಲ್ದಿದ್ರೆ ಈ ಕಥೆನೇ ಇಲ್ಲ.

ಜುಲೈ ಕೊನೆ ವಾರ ಜೋರು ಮಳೆ, ಡಿಸಿ ಎರಡು ದಿನ ಶಾಲೆಗೆ ರಜೆ ಕೊಟ್ರು (ಆಮೇಲೆ ಶನಿವಾರಗಳಲ್ಲಿ ತೀರಿಸಬೇಕು, ಅದು ಬೇರೆ ವಿಷಯ). ಆಗ ತಲೆಗೆ ಬಂದಿದ್ದು, ಪ್ಯಾಟರ್ನ್ (ಬಟ್ಟೆ ಮೇಲಿಟ್ಟು ಕತ್ತರಿಸೋ ಪೇಪರ್ ಅಚ್ಚು) ತಗೊಂಡು ನಾನೇ ಹೊಲಿತೀನಿ ಅಂತ. ನೇರ ಹೊಲಿಗೆ ಹಾಕೋದು, ದಿಂಬಿನ ಕವರ್, ಸೀರೆ ಫಾಲ್ಸ್ ಇಷ್ಟು ಮುಂಚೆನೇ ಬರ್ತಿತ್ತು. ಸೈಜ್ ಪ್ರಕಾರ ಪೇಪರಲ್ಲಿ ಕಟ್ ಮಾಡಿಟ್ಟು ಮಾರೋದು ಹೊಸದೇನಲ್ಲ, 1863ರಲ್ಲೇ ಅಮೆರಿಕದ ಎಬೆನೇಜರ್ ಬಟರಿಕ್ ಅನ್ನೋ ಒಬ್ಬ ದರ್ಜಿ ಶುರು ಮಾಡಿದ್ದು, ಅಂದ್ರೆ ದರ್ಜಿನೇ ದರ್ಜಿ ಇಲ್ದೆ ಹೊಲ್ಕೊಳ್ಳಿ ಅಂತ ದಾರಿ ಮಾಡಿಕೊಟ್ಟಿದ್ದು. ಈಗ ಪಿಡಿಎಫ್ ಬರತ್ತೆ, ಪ್ರಿಂಟ್ ತೆಗೆದು ಅಂಟಿಸ್ಕೋಬೇಕು.

ಮಡಿಕೇರಿಗೆ ಹೋದಾಗ ಒಂದು ಜೆರಾಕ್ಸ್ ಅಂಗಡಿಲಿ ಪ್ರಿಂಟ್ ಹಾಕ್ಸಿದೆ, 32 ಎ4 ಹಾಳೆ. ಮನೆಗೆ ಬಂದು ನೆಲದ ಮೇಲೆ ಹರಡಿಕೊಂಡು ಅಂಟಿಸಿದ್ರೆ ಸೆಲ್ಲೋಟೇಪ್ ಹಿಡಿಯಲ್ಲ. ಈ ಮಳೆಲಿ ಹಾಳೆನೇ ಹಪ್ಪಳದ ಹಿಟ್ಟಿನ ತರ ಮೆತ್ತಗಾಗಿರತ್ತೆ. ಇಸ್ತ್ರಿ ಪೆಟ್ಟಿಗೆ ಹಾಕೋಣ ಅಂದ್ರೆ ಕರೆಂಟಿಲ್ಲ. ಒಲೆ ಮುಂದೆ ಐದೈದೇ ಹಾಳೆ ಹಿಡಿದು ಒಣಗಿಸಿ ಗಮ್ ಹಾಕಿ ಅಂಟಿಸಿದೆ, ಅರ್ಧ ದಿನ ಹೋಯ್ತು. ಎಲ್ಲಾ ಮುಗಿದ ಮೇಲೆ ಮೊದಲನೇ ಹಾಳೆಲಿ ಒಂದು ಚೌಕ ಇರೋದು ಕಣ್ಣಿಗೆ ಬಿತ್ತು, ಇದು ನಾಲ್ಕು ಇಂಚು ಇರಬೇಕು ಅಂತ ಬರ್ದಿದೆ. ಟೇಪ್ ಇಟ್ಟು ನೋಡಿದ್ರೆ ನಾಲ್ಕಕ್ಕೆ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ಕಮ್ಮಿ. ಪ್ರಿಂಟ್ ಕೊಡುವಾಗ 'ಫಿಟ್ ಟು ಪೇಜ್' ಇತ್ತು, ನೂರು ಪರ್ಸೆಂಟಲ್ಲಿ ಹಾಕಿ ಅಂತ ನಾನು ಹೇಳಿರಲಿಲ್ಲ, ತೊಂಬತ್ತೇಳಕ್ಕೆ ಬಂದಿದೆ. ನೂಲು ತಾನೇ ಅನ್ಕೊಂಡ್ರೆ ಕೆಟ್ರಿ, 40 ಇಂಚಿನ ಸುತ್ತಳತೆಲಿ ಅದು ಒಂದೂಕಾಲು ಇಂಚು ಹತ್ರ ಆಗತ್ತೆ. 32 ಹಾಳೇನೂ ಒಲೆಗೇ ಹೋಯ್ತು, ಬಚ್ಚಲ ಹಂಡೆ ನೀರಾದ್ರೂ ಕಾಯ್ತು. ಪ್ರಿಂಟ್ ಹಾಕಿಸೋರು ಮೊದಲು ಆ ಚೌಕ ಇರೋ ಒಂದು ಹಾಳೆ ಮಾತ್ರ ತೆಗೆದು ಅಳೆದು ನೋಡಿ, ಆಮೇಲೆ ಮಿಕ್ಕಿದ್ದು.

ಎರಡನೇ ಸಲ ಸರಿ ಬಂತು. ಸೈಜ್ ಆರಿಸೋದರಲ್ಲಿ ಗೊತ್ತಾಗಿದ್ದೇ ದೊಡ್ಡ ವಿಷಯ. ನಾವು ಯಾವಾಗಲೂ ಎದೆ ಅಳತೆ ಅಂದ್ರೆ ತುಂಬಿರೋ ಜಾಗದಲ್ಲಿ ಒಂದೇ ಸಲ ಟೇಪ್ ಸುತ್ತೋದು ತಾನೇ, ಅಲ್ಲಿ ನಂದು 40. ಕಂಕುಳ ಕೆಳಗೇ, ಎದೆಯ ಮೇಲ್ಗಡೆಯಿಂದ ಇನ್ನೊಂದು ಸಲ ಸುತ್ತಬೇಕು, ಅಲ್ಲಿ 36. ನಾಲ್ಕು ಇಂಚು ವ್ಯತ್ಯಾಸ. ಅಂಗಡಿ ಪ್ಯಾಟರ್ನ್‌ಗಳನ್ನ ಸಾಮಾನ್ಯವಾಗಿ ಎರಡು ಇಂಚು ವ್ಯತ್ಯಾಸ ಇರೋರಿಗೆ ಅಂತ ಮಾಡಿರ್ತಾರೆ. ನಮ್ಮ ಟೇಲರ್‌ಗಳ ಲೆಕ್ಕನೂ ಎದೆ ಅಳತೆ ಹಿಡ್ಕೊಂಡೇ ಹೋಗತ್ತೆ, ಅದರ ಕಾಲು ಭಾಗ ಇಷ್ಟು, ಹನ್ನೆರಡನೇ ಒಂದು ಭಾಗ ಇಷ್ಟು ಅಂತ ಕುತ್ತಿಗೆ ಕಂಕುಳು ಎಲ್ಲಾ ಅದರ ಮೇಲೇ. 40 ಹಿಡ್ಕೊಂಡ್ರೆ ಭುಜ ಕುತ್ತಿಗೆ ಎಲ್ಲಾ 40ರವಳಿಗೆ ಬರತ್ತೆ, ನನ್ನ ಭುಜ ಚಿಕ್ಕದು, ಜಾರ್ದೆ ಇನ್ನೇನು. ಹಾಗಾಗಿ ಮೇಲಿನ 36 ನೋಡ್ಕೊಂಡು 38ರ ಸೈಜ್ ತಗೊಂಡು, ಮುಂಭಾಗಕ್ಕೆ ಮಾತ್ರ ಎರಡು ಇಂಚು ಸೇರಿಸ್ಬೇಕು. ಪೇಪರ್ ಅರ್ಧ ಮೈಗೆ ಇರೋದ್ರಿಂದ ಅದರಲ್ಲಿ ಒಂದು ಇಂಚು. ಕತ್ತರಿಸಿ, ಅಗಲ ಮಾಡಿ, ಮಧ್ಯೆ ಬೇರೆ ಪೇಪರ್ ಅಂಟಿಸಿದ್ರೆ ಪಕ್ಕದಲ್ಲಿ ಒಂದು ಡಾರ್ಟ್ (ಎದೆ ಕಡೆಗೆ ಚೂಪಾಗಿ ಮಡಿಸಿ ಹೊಲಿಯೋ ಮಡಿಕೆ) ತಾನಾಗೇ ಹುಟ್ಕೊಳ್ಳತ್ತೆ. ಬೆನ್ನಿನ ಪೇಪರ್ ಮುಟ್ಟೋ ಹಾಗಿಲ್ಲ.

ಇಷ್ಟೆಲ್ಲಾ ಬುದ್ಧಿವಂತಿಕೆ ಮಾಡಿದವಳು ಬಟ್ಟೆ ಮೇಲಿಟ್ಟು ಕತ್ತರಿಸುವಾಗ ಏನ್ ಮಾಡಿದೆ ಗೊತ್ತಾ, ಕಂಕುಳು ನೋಡಿ 'ಅಯ್ಯೋ ಇಷ್ಟು ಮೇಲಿದೆ, ನಂಗೆ ಟೈಟ್ ಆಗತ್ತೆ' ಅಂತ ಮುಕ್ಕಾಲು ಇಂಚು ಕೆಳಗೆ ಕೆತ್ತಿಬಿಟ್ಟೆ. ತೋಳಿಗೂ ಅಷ್ಟೇ. ಅಭ್ಯಾಸ ಬಲ.

ಪುಣ್ಯಕ್ಕೆ ಅದು ಒಳ್ಳೇ ಬಟ್ಟೆ ಅಲ್ಲ, ಟ್ರಯಲ್‌ಗೆ ಅಂತ ಹಳೇ ಬಿಳಿ ಬೆಡ್‌ಶೀಟ್. ಒಳ್ಳೇ ಕಾಟನ್ ಎರಡೂವರೆ ಮೀಟರ್ ತಂದಿದ್ದು ಇನ್ನೂ ಒಣಗ್ತಾನೇ ಇತ್ತು, ಹೊಲಿಯೋಕೆ ಮುಂಚೆ ಒಂದು ಸಲ ನೀರಲ್ಲಿ ಹಾಕಿ ತೆಗೀಬೇಕಲ್ಲ, ಇಲ್ಲಾಂದ್ರೆ ಹೊಲಿದ ಮೇಲೆ ಕುಗ್ಗತ್ತೆ. ಆಗಸ್ಟಲ್ಲಿ ಕೊಡಗಲ್ಲಿ ಬಟ್ಟೆ ಒಣಗೋದು ಅಂದ್ರೆ ಒಲೆ ಮೇಲೆ ಹಗ್ಗ ಕಟ್ಟಿ ನಾಲ್ಕು ದಿನ. ಆ ಟಾಪಿಗೆ ಇವತ್ತಿಗೂ ಸ್ವಲ್ಪ ಹೊಗೆ ವಾಸನೆ ಇದೆ.

ಆ ಬೆಡ್‌ಶೀಟ್ ಟಾಪ್ ಹಾಕ್ಕೊಂಡು ನೋಡಿದ್ದು ಆಗಸ್ಟ್ 3ನೇ ತಾರೀಕು, ಕಕ್ಕಡ ಹದಿನೆಂಟರ ದಿನ, ಅಂದ್ರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಆ ದಿನ ಮದ್ದುಸೊಪ್ಪು ಅನ್ನೋ ಕಾಡು ಗಿಡದ ಸೊಪ್ಪಲ್ಲಿ ಹದಿನೆಂಟು ತರ ಔಷಧಿ ಸೇರಿರತ್ತೆ ಅಂತ ಇಲ್ಲಿ ನಂಬಿಕೆ, ಸೊಪ್ಪು ಕುದಿಸಿದ್ರೆ ಗಾಢ ನೇರಳೆ ರಸ ಬಿಡತ್ತೆ, ಅದರಲ್ಲೇ ಪಾಯಸ. ಮೊದಲನೇ ವರ್ಷ ಯಾರೂ ಹೇಳಿರಲಿಲ್ಲ, ಎರಡು ಬಟ್ಟಲು ಪಾಯಸ ತಿಂದು ಮಾರನೇ ದಿನ ಬಚ್ಚಲಲ್ಲಿ ಮೂತ್ರದ ಬಣ್ಣ ನೋಡಿ ಡಾಕ್ಟರ್ ಹತ್ರ ಓಡೋದೊಂದು ಬಾಕಿ.

ಆಂಟಿ ಬಟ್ಟಲು ಹಿಡ್ಕೊಂಡು ಬಂದ್ರು, ನಾನು ಕನ್ನಡಿ ಮುಂದೆ ತಿರುಗಿ ತಿರುಗಿ ಬೆನ್ನು ನೋಡಕ್ಕೆ ಒದ್ದಾಡ್ತಿದ್ದೆ. ತಿರುಗಿದ್ರೆ ಬಟ್ಟೆನೂ ತಿರುಗತ್ತೆ, ಬೆನ್ನಿನ ಫಿಟಿಂಗ್ ಒಬ್ಬರೇ ನೋಡ್ಕೊಳ್ಳೋದು ಆಗದ ಕೆಲಸ.

"ಏನಿದು, ಹಾಸಿಗೆ ಹೊದ್ಕೊಂಡಿದೀಯಾ?" ಅಂದ್ರು.

"ಟ್ರಯಲ್ ಆಂಟಿ. ಬೆನ್ನು ಹೆಂಗಿದೆ ನೋಡಿ."

"ಬೆನ್ನು ಚೆನ್ನಾಗಿದೆ. ಭುಜನೂ ಕೂತಿದೆ. ಕೈ ಎತ್ತು."

ಎತ್ತಿದೆ. ಟಾಪ್ ಮೇಲೆ. ಇಷ್ಟೆಲ್ಲಾ ಮಾಡಿ ಮತ್ತದೇ ಅಂತ ಅಳು ಬರೋದೊಂದು ಬಾಕಿ.

ಆಂಟಿ ಕಂಕುಳ ಹತ್ರ ಬೆರಳು ಹಾಕಿ ನೋಡಿದ್ರು, ನಾಲ್ಕು ಬೆರಳು ಆರಾಮಾಗಿ ಹೋಯ್ತು. "ಇಷ್ಟು ಇಳಿಸಿದ್ರೆ ಇನ್ನೇನಾಗತ್ತೆ" ಅಂದು ಒಳಗೆ ಹೋಗಿ ಪೆಟ್ಟಿಗೆಯಿಂದ ಅಂಕಲ್‌ದು ಹಳೇ ಜುಬ್ಬಾ ತಂದ್ರು, ಅದರ ಕಂಕುಳಲ್ಲಿ ಒಂದು ಚೌಕದ ತುಂಡು ಸೇರಿಸಿ ಹೊಲಿದಿದೆ. "ನೋಡು, ಇಲ್ಲಿ ಬಟ್ಟೆ ಹಾಕಿದಾರೆ. ತೆಗೆದಿಲ್ಲ." ಅವರು ಹೇಳಿದ್ದು ಅಷ್ಟೇ, ಆದ್ರೆ ನಂಗೆ ತಲೆಗೆ ಹೊಡೆದ ಹಾಗಾಯ್ತು. ತೋಳು ಟಾಪಿಗೆ ಸೇರೋ ಜಾಗ ಕಂಕುಳಿಗೆ ಹತ್ತಿರ ಇದ್ರೆ ಕೈ ಅಲ್ಲೇ ತಿರುಗತ್ತೆ, ಬಾಗಿಲು ಕೀಲಲ್ಲಿ ತಿರುಗಿದ ಹಾಗೆ. ಕೆಳಗಿದ್ರೆ ಕೈ ಎತ್ತಿದಾಗ ತೋಳಿನ ಒಳಗಿನ ಹೊಲಿಗೆ ಟಾಪಿನ ಪಕ್ಕದ ಹೊಲಿಗೇನ ಹಿಡ್ಕೊಂಡು ಎಳೆಯತ್ತೆ, ಪೂರ್ತಿ ಟಾಪ್ ಎದ್ದು ಬರತ್ತೆ. ಮೊದಲಿಂದ ಟೈಟ್ ಅನ್ನಿಸ್ತಿದ್ದಿದ್ದು ಕಂಕುಳಲ್ಲ, ಎದೆ ಹತ್ರ ಮುಂಭಾಗಕ್ಕೆ ಬಟ್ಟೆ ಸಾಲದೆ ಕಂಕುಳ ಮುಂದೆ ಎಳ್ಕೊಂಡು ಸುಕ್ಕು ಬರ್ತಿತ್ತು. ಹಲ್ಲು ನೋವಿಗೆ ಕಿವಿಗೆ ಎಣ್ಣೆ ಬಿಟ್ಟ ಹಾಗೆ ಒಂಬತ್ತು ವರ್ಷ ಕೆತ್ತಿಸ್ಕೊಂಡಿದೀನಿ.

ಕೆತ್ತಿ ಬಿಸಾಡಿದ್ದ ಚೂರುಗಳು ಮಿಷನ್ ಕೆಳಗೇ ಬಿದ್ದಿತ್ತು. ಆಂಟಿ ಅದನ್ನೇ ಎತ್ತಿ ತೂತಿಗೆ ಇಟ್ಟು ಪಿನ್ ಹಾಕಿದ್ರು, ಅವರ ಬೆರಳಿಗೆ ಸೊಪ್ಪಿನ ರಸ ಅಂಟಿತ್ತಲ್ಲ, ಬಿಳಿ ಬಟ್ಟೆ ಮೇಲೆ ಕಂಕುಳ ಸುತ್ತಾ ಐದಾರು ನೇರಳೆ ಬೆರಳಚ್ಚು. ಮಾರ್ಕಿಂಗ್ ಚಾಕ್ ಬೇಕಾಗ್ಲೇ ಇಲ್ಲ. ತೋಳಿಗೂ ಹಾಗೇ. "ಈಗ ಎತ್ತು." ಪಿನ್ ಚುಚ್ತಿತ್ತು, ಆದ್ರೂ ಎತ್ತಿದೆ. ಸೊಂಟದ ಹತ್ರ ಬಟ್ಟೆ ಸ್ವಲ್ಪ ಅಲ್ಲಾಡ್ತು ಅಷ್ಟೇ, ಸ್ಲಿಟ್ ಇದ್ದಲ್ಲೇ ಇತ್ತು. ನಾಲ್ಕು ಸಲ ಎತ್ತಿ ಇಳಿಸಿದೆ, ಆಂಟಿ "ಸಾಕು, ಪಾಯಸ ಆರತ್ತೆ" ಅಂದ್ರು.

ಆಮೇಲೆ ಅವರೇ ಹೇಳಿದ್ರು, ಕೊಡವ ಸೀರೆಗೆ ನೆರಿಗೆ ಹಿಂದೆ, ಸೆರಗು ಬಲ ಭುಜಕ್ಕೆ ತಂದು ಪಿನ್ ಹಾಕೋದು, ಭಾರ ಎಲ್ಲಾ ಆ ಒಂದು ಕಡೆ, ಅದಕ್ಕೆ ಭುಜ ಜಾರೋ ಬ್ಲೌಸ್ ಆದ್ರೆ ಮದುವೆ ಮನೇಲಿ ಪೂರ್ತಿ ದಿನ ಎಳ್ಕೊಂಡು ಕೂರ್ಬೇಕು, ಅವರಮ್ಮ ಬ್ಲೌಸ್ ಹೊಲಿದ ಮೇಲೆ ಕೈ ಎತ್ತಿಸಿ ನೋಡ್ದೆ ಹುಕ್ಕು ಹಾಕ್ತಿರಲಿಲ್ವಂತೆ. ಇದನ್ನ ಮುಂಚೆನೇ ಹೇಳಬಾರದಿತ್ತಾ ಅಂದ್ರೆ "ನೀನು ಕೇಳಿದ್ದು ಮಿಷನ್ ಅಲ್ವಾ" ಅಂದ್ರು.

ಒಳ್ಳೇ ಬಟ್ಟೆ ಹೊಲಿಯೋಕೆ ಇನ್ನೊಂದು ವಾರ ಹಿಡೀತು, ಅದರಲ್ಲಿ ಹೇಳೋಕೆ ಜಾಸ್ತಿ ಏನಿಲ್ಲ, ಎಡಗಡೆ ತೋಳು ಹಿಂದುಮುಂದಾಗಿ ಕೂರಿಸಿ ಬಿಚ್ಚಿದೆ ಅನ್ನೋದು ಬಿಟ್ರೆ. ಪ್ಯಾಟರ್ನಲ್ಲಿ ತೋಳಿನ ಮುಂದಕ್ಕೆ ಒಂದು ಗುರುತು ಹಿಂದಕ್ಕೆ ಎರಡು ಗುರುತು ಅಂತ ಇರತ್ತೆ, ಟಾರ್ಚ್ ಬೆಳಕಲ್ಲಿ ಕತ್ತರಿಸುವಾಗ ಅದನ್ನ ಬಟ್ಟೆಗೆ ಹಾಕ್ಕೊಳ್ಳಲಿಲ್ಲ.

ಪೇಪರ್ ಪ್ಯಾಟರ್ನನ್ನ ಸುತ್ತಿ ತೋಟದಲ್ಲಿ ಮಿಕ್ಕಿದ್ದ ಒಂದು ಪಿವಿಸಿ ಪೈಪ್ ತುಂಡಲ್ಲಿ ಹಾಕಿ ಎರಡೂ ಕಡೆ ಪ್ಲಾಸ್ಟಿಕ್ ಕಟ್ಟಿ ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದೀನಿ, ಇಲ್ಲಾಂದ್ರೆ ಮುಂದಿನ ಮಳೆಗಾಲಕ್ಕೆ ಬೂಷ್ಟು ಗ್ಯಾರಂಟಿ. ಮೇಲೆ ಸ್ಕೆಚ್ ಪೆನ್ನಲ್ಲಿ ದಪ್ಪಕ್ಕೆ ಬರ್ದಿದೀನಿ, 'ಮುಂದೆ 1 ಇಂಚು ಸೇರಿಸಿದೆ, ಕಂಕುಳು ಮುಟ್ಟಬೇಡ'. ಬೆಡ್‌ಶೀಟ್ ಟಾಪ್ ಬಿಸಾಡೋಕೆ ಮನಸ್ಸಾಗದೆ ಅದನ್ನೂ ಜೊತೆಗೆ ಇಟ್ಟೆ, ಎರಡು ಸಲ ಒಗೆದ್ರೂ ಆ ನೇರಳೆ ಬೆರಳಚ್ಚು ಪೂರ್ತಿ ಹೋಗಿಲ್ಲ.