ನೀರಿನ ಹಿಂದೆ ಹೋದ ಶುಕ್ರವಾರಗಳು

ಮಸ್ಕತ್‌ಗೆ ಬಂದ ಮೊದಲ ಎರಡು ತಿಂಗಳು ನಾನು ಒಮಾನ್ ನೋಡಲೇ ಇಲ್ಲ. ನೋಡಿದ್ದು ರುವಿಯನ್ನು. ರುವಿ ಅಂದರೆ ಮಸ್ಕತ್‌ನ ವ್ಯಾಪಾರದ ಕೇರಿ. ಅಲ್ಲಿ ದೋಸೆ ಸಿಗುತ್ತದೆ, ಮಲಯಾಳದಲ್ಲಿ ಕ್ಷೌರ ಆಗುತ್ತದೆ, ಹಿಂದಿಯಲ್ಲಿ ಚೌಕಾಸಿ ನಡೆಯುತ್ತದೆ. ಒಂದು ಅರಬ್ಬಿ ಪದವೂ ಬೇಕಾಗದೆ ವಾರ ಕಳೆಯಬಹುದು. ಇಪ್ಪತ್ತು ವರ್ಷವನ್ನೇ ಹಾಗೆ ಕಳೆದವರೂ ಇದ್ದಾರೆ.

ಮೊದಲು ಒಗ್ಗಬೇಕಾದದ್ದು ಇಲ್ಲಿನ ವಾರಕ್ಕೆ. ರಜೆ ಶುಕ್ರವಾರ ಮತ್ತು ಶನಿವಾರ. 2013ರ ಮೇ ತನಕ ಗುರುವಾರ, ಶುಕ್ರವಾರ ಇತ್ತಂತೆ. ಭಾನುವಾರ ಬೆಳಗ್ಗೆ ಆಫೀಸಿನಲ್ಲಿ ಕೂತರೆ ಏನೋ ತಪ್ಪು ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಶುಕ್ರವಾರ ಬೆಳಗ್ಗೆಯಂತೂ ಊರಿಗೆ ಊರೇ ಮಲಗಿರುತ್ತದೆ. ಮಧ್ಯಾಹ್ನದ ನಮಾಜು, ಊಟ, ನಿದ್ದೆ ಎಲ್ಲ ಆದ ಮೇಲೆ ಅಂಗಡಿಗಳ ಬಾಗಿಲು ಒಂದೊಂದಾಗಿ ತೆರೆಯುತ್ತವೆ. ಅಲ್ಲಿಯ ತನಕ ಬಾಲ್ಕನಿಯಲ್ಲಿ ನಿಂತು ಎದುರಿನ ಕಟ್ಟಡದ ಎಸಿ ಎಣಿಸುವುದೇ ನಮ್ಮ ಪ್ರವಾಸ.

ಹೊರಗೆ ಹೋಗಲು ಕಾರು ಬೇಕು. ಕಾರಿಗೆ ಇಲ್ಲಿನ ಲೈಸೆನ್ಸ್ ಬೇಕು. ಅದಕ್ಕೆ ಆಗ ಓಡಿಸಿ ತೋರಿಸುವ ಮೂರು ಪರೀಕ್ಷೆ ಇದ್ದವು: ಡ್ರಮ್, ಸ್ಲೋಪ್, ರೋಡ್. ಡ್ರಮ್ ಅಂದರೆ ಪೀಪಾಯಿಗಳ ನಡುವೆ ಕಾರನ್ನು ಹಿಂದಕ್ಕೆ ಬಿಟ್ಟು, ಒಂದಕ್ಕೂ ತಾಗದಂತೆ ನಿಲ್ಲಿಸುವುದು. ಊರಲ್ಲಿ ಹತ್ತು ವರ್ಷ ಕಾರು ಓಡಿಸಿದ್ದೇನೆ ಅಂತ ಬೀಗುತ್ತಿದ್ದ ನಾನು ಎರಡು ಸಲ ಪೀಪಾಯಿಗೆ ಗುದ್ದಿ ಫೇಲಾದೆ. ನಮ್ಮವರಲ್ಲಿ 'ಡ್ರಮ್ ಆಯ್ತಾ?' ಅಂತ ಕೇಳುವುದು 'ಊಟ ಆಯ್ತಾ?' ಅಂತ ಕೇಳಿದಷ್ಟೇ ಸಹಜ. ಮೂರನೇ ಸಲ ಆಯ್ತು. ಆ ವಾರವೇ ಒಂದು ಹಳೇ ಪುಟ್ಟ ಕಾರು ತಗೊಂಡೆವು.

ಮೊದಲು ಹೋಗಿದ್ದು ನಿಜ್ವಾಗೆ. ಶುಕ್ರವಾರ ಬೆಳಗ್ಗೆ ಅಲ್ಲಿ ಮೇಕೆ ಸಂತೆ, ಬಿಸಿಲೇರುವುದರೊಳಗೆ ಮುಗಿದುಹೋಗುತ್ತದೆ ಅಂತ ನಮ್ಮ ಆಫೀಸಿನ ಒಮಾನಿ ಗೆಳೆಯ ಹೇಳಿದ್ದ. ಕತ್ತಲಲ್ಲೇ ಹೊರಟೆವು. ಒಂದೂವರೆ ಗಂಟೆ ದಾರಿ. ಎರಡೂ ಕಡೆ ಬೋಳು ಬೆಟ್ಟ. ಒಂದು ಹುಲ್ಲು ಕಡ್ಡಿಯೂ ಇಲ್ಲದೆ, ಸುಟ್ಟ ಇಟ್ಟಿಗೆಯ ರಾಶಿ ಹಾಗೆ ನಿಂತಿರುವ ಬೆಟ್ಟಗಳು. ವೇಗ 120 ದಾಟಿದರೆ ಕಾರು ಟಿಣ್ ಟಿಣ್ ಅಂತ ಬಡಿದುಕೊಳ್ಳುತ್ತದೆ. 'ನಿಮ್ಮಮ್ಮನೇ ಜೊತೆಗೆ ಬಂದ ಹಾಗಿದೆ' ಅಂದಳು ನನ್ನವಳು.

ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಇಲ್ಲಿ ಕಾಫಿ ಶಾಪ್ ಅಂತ ಬೋರ್ಡ್ ಇರುತ್ತದೆ, ಕುಡಿಯುವುದು ಕಡಕ್ ಚಹಾ. ಕಾರಿನಿಂದ ಇಳಿಯಬಾರದು, ಹಾರ್ನ್ ಹೊಡೆಯಬೇಕು. ಹುಡುಗ ಓಡಿ ಬರುತ್ತಾನೆ. ನನಗೆ ಹಾರ್ನ್ ಹೊಡೆಯಲು ಸಂಕೋಚ. ಇಳಿದು ಹೋಗಿ ಕೇಳಿದರೆ ಕೇರಳದ ಆ ಹುಡುಗನಿಗೇ ಮುಜುಗರ. ಪರೋಟದೊಳಗೆ ಚೀಸ್ ಸವರಿ, ಮೇಲೆ 'ಚಿಪ್ಸ್ ಒಮಾನ್' ಪುಡಿ ಮಾಡಿ ಉದುರಿಸಿ ಸುತ್ತಿ ಕೊಟ್ಟ. ಕೇಳಿದರೆ ವಿಚಿತ್ರ, ತಿಂದರೆ ಇನ್ನೊಂದು ಬೇಕು ಅನ್ನಿಸುತ್ತದೆ.

ಸಂತೆ ನಡೆಯುವುದು ಒಂದು ದುಂಡನೆಯ ಕಟ್ಟೆಯ ಸುತ್ತ. ಮಾರುವವರು ಮೇಕೆಯ ಹಗ್ಗ ಹಿಡಿದು ಸುತ್ತು ಹಾಕುತ್ತಲೇ ಬೆಲೆ ಕೂಗುತ್ತಾರೆ. ಮರಿ ಇದ್ದರೆ ಕಂಕುಳಲ್ಲಿ. ಕೊಳ್ಳುವವರು ಒಳಗೂ ಹೊರಗೂ ಎರಡು ಸಾಲಾಗಿ ಕೂತಿರುತ್ತಾರೆ. ಬೇಕಾದವರು ಕೈ ಚಾಚಿ ಮೇಕೆಯನ್ನು ತಡೆದು, ತುಟಿ ಎತ್ತಿ ಹಲ್ಲು ನೋಡಿ, ಬೆನ್ನು ಒತ್ತಿ, ಕೆಚ್ಚಲು ಮುಟ್ಟಿ ನೋಡಿ ಬಿಡುತ್ತಾರೆ. ಮುಖಕ್ಕೆ ಗಟ್ಟಿ ಮುಸುಕು ಹಾಕಿದ, ಮರುಭೂಮಿಯ ಬೆದೂಯಿನ್ ಹೆಂಗಸರ ಚೌಕಾಸಿಯ ಮುಂದೆ ಗಂಡಸರದ್ದು ಏನೂ ಅಲ್ಲ. ಅರಬ್ಬಿ ಅಂಕಿಗಳನ್ನು ನಾನು ಕಲಿತದ್ದು ಅಲ್ಲೇ. ಖಮ್ಸೀನ್ ಅಂದರೆ ಐವತ್ತು, ಸಿತ್ತೀನ್ ಅರವತ್ತು. ಕಲಿಯುತ್ತಾ ಮೈಮರೆತಿದ್ದಾಗ ಒಂದು ಮೇಕೆ ನನ್ನ ಕೈಯಲ್ಲಿದ್ದ ಚಹಾದ ಕಾಗದದ ಲೋಟ ಕಿತ್ತುಕೊಂಡು ತಿಂದೇಬಿಟ್ಟಿತು.

ಪಕ್ಕದಲ್ಲೇ ನಿಜ್ವಾ ಕೋಟೆ. 17ನೇ ಶತಮಾನದಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಕಟ್ಟಿಸಿದ್ದು, ಅದರ ದುಂಡು ಬುರುಜೇ ಒಂದು ಗುಡ್ಡದಷ್ಟಿದೆ. ಬಾಗಿಲುಗಳ ಮೇಲೆ ಕಿಂಡಿಗಳಿವೆ. ಶತ್ರು ನುಗ್ಗಿದರೆ ಕುದಿಯುವ ಖರ್ಜೂರದ ಪಾಕ ಸುರಿಯಲಿಕ್ಕೆ. ಎಷ್ಟು ಸಿಹಿಯಾದ ಸಾವು ಅಲ್ವಾ?

ಅಲ್ಲಿಂದ ಬೆಟ್ಟ ಹತ್ತಿ ಮಿಸ್ಫತ್ ಅಲ್ ಅಬ್ರಿಯೀನ್‌ಗೆ ಹೋದೆವು. ಹೋಗುವ ಯೋಚನೆಯೇ ಇರಲಿಲ್ಲ. 'ಅಷ್ಟು ದೂರ ಹೋಗಿ ಮಿಸ್ಫತ್ ನೋಡದೆ ಬರುತ್ತೀರಾ?' ಅಂತ ಗೆಳೆಯ ಫೋನಿನಲ್ಲಿ ಬೈದ ಕಾರಣ ಹೋದದ್ದು. ಬಂಡೆಯ ಮೇಲೆ ಬಂಡೆಯ ಬಣ್ಣದ್ದೇ ಮಣ್ಣಿನ ಮನೆಗಳು. ಮೆಟ್ಟಿಲಿಳಿದು, ಕತ್ತಲೆಯ ಓಣಿ ದಾಟಿದರೆ ಒಮ್ಮೆಲೇ ಹಸಿರು. ಇಳಿಜಾರಿನುದ್ದಕ್ಕೂ ಖರ್ಜೂರದ ತೋಟ, ಬಾಳೆ, ನಿಂಬೆ. ಇಷ್ಟು ಹೊತ್ತು ನೋಡಿದ ಬೋಳು ಬೆಟ್ಟದಲ್ಲಿ ಇದು ಎಲ್ಲಿಂದ ಬಂತು ಅಂತ ನೋಡಿದರೆ ಕಾಲ ಬುಡದಲ್ಲೇ ಒಂದು ಕಾಲುವೆ. ಒಂದೂವರೆ ಅಡಿ ಅಗಲ ಇರಬಹುದು. ಕನ್ನಡಿಯಂಥ ನೀರು, ಸದ್ದಿಲ್ಲದೆ ಹರಿಯುತ್ತಿತ್ತು. ಇದೇ ಫಲಜ್.

ನಡೆದು ಕಾಲು ಸುಡುತ್ತಿತ್ತು. ಚಪ್ಪಲಿ ಬಿಚ್ಚಿ, ಅಂಚಿನಲ್ಲಿ ಕೂತು ಎರಡೂ ಕಾಲು ನೀರಿಗೆ ಇಳಿಬಿಟ್ಟೆ. ಆಹಾ ಅನ್ನುವಷ್ಟರಲ್ಲಿ ಹಿಂದಿನಿಂದ ದನಿ: "ಬೇಟಾ, ನೀಚೆ. ನೀಚೆ ಜಾವೋ."

ತಿರುಗಿದರೆ ಒಬ್ಬರು ಮುದುಕರು. ಬಿಳಿ ದಿಶ್‌ದಾಶ ನಿಲುವಂಗಿ, ತಲೆಗೆ ಕಸೂತಿಯ ಕುಮ್ಮಾ ಟೋಪಿ, ಕೈಯಲ್ಲಿ ಕೋಲು. ಬೈಗುಳದ ದನಿಯೇ ಅಲ್ಲ. ಮೇಲಿನ ಕಡೆ ಕೈ ತೋರಿಸಿ, ನೀರು ಬಯಲಿಗೆ ಬರುವ ಜಾಗ ಕುಡಿಯಲಿಕ್ಕೆ ಅಂದರು. ಅದರ ಕೆಳಗೆ ಮಸೀದಿಗೆ. ಅದರ ಕೆಳಗೆ ಗಂಡಸರ ಸ್ನಾನ, ಆಮೇಲೆ ಹೆಂಗಸರ ಸ್ನಾನ. ಎಲ್ಲ ಮುಗಿದ ಮೇಲೆ ತೋಟಕ್ಕೆ. ನಾನು ಕಾಲು ತೊಳೆದದ್ದು ಊರಿನ ಕೊಡದೊಳಗೆ! ದಡಬಡಿಸಿ ಎದ್ದು "ಮಾಫ್ ಕರೋ ಚಾಚಾ" ಅಂದೆ. ನಕ್ಕು, ಬನ್ನಿ ಅಂತ ಕರೆದರು. ಚಿಕ್ಕಂದಿನಲ್ಲಿ ಬೊಂಬಾಯಿಗೆ ಹೋಗಿ ಬಂದವರಂತೆ, ಹಿಂದಿ ಚೆನ್ನಾಗಿತ್ತು. ಆಗ ಮಸ್ಕತ್‌ನ ಮತ್ರಾ ಪೇಟೆಯಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ, ರಿಯಾಲ್ ಬಂದದ್ದು 1970ರಲ್ಲಿ. ಪೈಸೆ ಮಾತ್ರ 'ಬೈಸಾ' ಆಗಿ ಉಳಿದುಕೊಂಡಿದೆ. ಆದರೆ ಸಾವಿರ ಬೈಸಾಕ್ಕೆ ಒಂದು ರಿಯಾಲ್.

ಆ ಹೊತ್ತು ಅವರ ನೀರಿನ ಸರದಿ. ಗಡಿಯಾರ ನೋಡಿಕೊಂಡರು. ಕಾಲುವೆಯ ಪಕ್ಕದ ತೂತಿಗೆ ಚಿಂದಿ ಬಟ್ಟೆ ಸುತ್ತಿದ ಕಲ್ಲೊಂದು ಬಿರಡೆಯ ಹಾಗೆ ಸಿಕ್ಕಿಸಿತ್ತು. ಬಗ್ಗಿ ಅದನ್ನು ಕಿತ್ತು, ಮುಖ್ಯ ಕಾಲುವೆಗೆ ಅಡ್ಡ ಒಂದು ಹಲಗೆ ಇಟ್ಟು, ಸಂದಿಗೆ ಅದೇ ಚಿಂದಿ ತುರುಕಿದರು. ನೀರು ಒಂದು ಕ್ಷಣ ತಡವರಿಸಿತು. ಆಮೇಲೆ ಮಗ್ಗುಲು ಬದಲಿಸಿದ ಹಾಗೆ ತಿರುಗಿ, ಕೆಳಗಿನ ಪಾತಿಗಳಿಗೆ ಇಳಿಯಿತು. ಒಣ ಮಣ್ಣಿನಿಂದ ಗುಳ್ಳೆ ಎದ್ದು ಚಿಟ್ ಚಿಟ್ ಸದ್ದು. ಇಬ್ಬರೂ ಸುಮ್ನೆ ನೋಡುತ್ತಾ ನಿಂತೆವು.

ಇಲ್ಲಿ ನೀರನ್ನು ಅಳೆಯುವುದು ಕೊಡದಲ್ಲಲ್ಲ, ಹೊತ್ತಿನಲ್ಲಿ. ಅರ್ಧ ಗಂಟೆಗೆ ಒಂದು 'ಅಥರ್'. ಹಗಲಿಗೆ ಇಪ್ಪತ್ನಾಲ್ಕು, ರಾತ್ರಿಗೆ ಇಪ್ಪತ್ನಾಲ್ಕು. ಗಡಿಯಾರ ಬರುವ ಮುಂಚೆ ಹಗಲು ನೆಟ್ಟ ಕಂಬದ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಸರದಿ ಬದಲಿಸುತ್ತಿದ್ದರು. ಅಪ್ಪನಿಂದ ಮಗನಿಗೆ ಜಮೀನು ಬರುವ ಹಾಗೆ ಅಥರ್ ಬರುತ್ತದೆ. ಮಾರಬಹುದು, ಬಾಡಿಗೆಗೆ ಕೊಡಬಹುದು. ಮಸೀದಿಗೂ ಫಲಜ್‌ನ ರಿಪೇರಿಗೂ ಬಿಟ್ಟ ಪಾಲನ್ನು ಹರಾಜು ಹಾಕುತ್ತಾರೆ. ಲೆಕ್ಕ ನೋಡಿಕೊಳ್ಳಲು ಒಬ್ಬ 'ವಕೀಲ್' ಇರುತ್ತಾನೆ. ಕರಿ ಕೋಟಿನವನಲ್ಲ, ನೀರಿನ ಮೇಸ್ತ್ರಿ. ಒಮಾನ್‌ನಲ್ಲಿ ಇಂಥ ಮೂರು ಸಾವಿರದಷ್ಟು ಕಾಲುವೆಗಳು ಈಗಲೂ ಹರಿಯುತ್ತಿವೆ. ಐದನ್ನು ಯುನೆಸ್ಕೋ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಇವನ್ನೆಲ್ಲ ತೋಡಿದ್ದು ಯಾರು? ಮುದುಕರ ಉತ್ತರ ಸಲೀಸಾಗಿತ್ತು. ದಾವೂದನ ಮಗ ಸುಲೈಮಾನ್ ಹತ್ತು ದಿನ ಇಲ್ಲಿ ತಂಗಿದ್ದನಂತೆ. ಅವನ ಜಿನ್ನುಗಳು ದಿನಕ್ಕೆ ಸಾವಿರದ ಹಾಗೆ ತೋಡಿ ಕೊಟ್ಟವಂತೆ.

ಆಮೇಲೆ ಖರ್ಜೂರ ಮತ್ತು ಕಹ್ವಾ, ಅಂದರೆ ಅರಬ್ಬಿ ಕಾಫಿ. ಹಿಡಿಯಿಲ್ಲದ ಪುಟ್ಟ ಬಟ್ಟಲು, ಏಲಕ್ಕಿ ಘಮ, ಸಕ್ಕರೆ ಇಲ್ಲ. ಬಟ್ಟಲ ತಳದಲ್ಲಷ್ಟೇ ಹಾಕುತ್ತಾರೆ. ಕುಡಿದು ಕೊಟ್ಟೆ, ಮತ್ತೆ ಹಾಕಿದರು. ಕುಡಿದೆ, ಮತ್ತೆ ಹಾಕಿದರು. ಬೇಡ ಅಂದರೆ ತಪ್ಪಾದೀತು ಅಂತ ಏಳು ಬಟ್ಟಲು ಕುಡಿದೆ. ಎದೆ ಡವಡವ. ವಾಪಸು ಬಂದು ಗೆಳೆಯನಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕ. ಸಾಕಾದರೆ ಬಟ್ಟಲನ್ನು ಒಂದೆರಡು ಸಲ ಅಲ್ಲಾಡಿಸಿ ಕೊಡಬೇಕಂತೆ. ಕೊಟ್ಟವನು ಅಲ್ಲಾಡಿಸದಿದ್ದರೆ ಹಾಕುವವನು ಹಾಕುತ್ತಲೇ ಇರಬೇಕಂತೆ. ಪಾಪ, ಅವರ ಕಹ್ವಾನೂ ಮುಗಿದಿರಬೇಕು!

ಅಲ್ಲಿಂದ ಮುಂದೆ ನಮ್ಮ ಶುಕ್ರವಾರಗಳೆಲ್ಲ ನೀರಿನ ಹಿಂದೆ. ಮಾಲ್‌ಗಳನ್ನು ಬಿಟ್ಟೆವು. ಒಂದು ಶನಿವಾರ ಬೆಳಗ್ಗೆ ಸುಲ್ತಾನ್ ಖಾಬೂಸ್ ಮಸೀದಿ ನೋಡಿ ಬಂದೆವು. ನಾಲ್ಕು ವರ್ಷ ನೇಯ್ದ, 21 ಟನ್ ತೂಕದ ಒಂದೇ ರತ್ನಗಂಬಳಿ ಹಾಸಿದ್ದಾರೆ. ಚೆಂದ ಇದೆ, ಸುಳ್ಳು ಹೇಳಬಾರದು. ಆದರೆ ನನ್ನ ಮನಸ್ಸು ಆ ಚಿಂದಿ ಸುತ್ತಿದ ಕಲ್ಲಿನ ಹತ್ತಿರವೇ ಇತ್ತು.

ಸೂರ್ ರಸ್ತೆಯಲ್ಲಿ ಬಿಮ್ಮಾ ಗುಂಡಿ ಇದೆ. ನೆಲ ಕುಸಿದು ಆದ ದೊಡ್ಡ ಹಳ್ಳ, ತಳದಲ್ಲಿ ನೀಲಿ ಹಸಿರು ನೀರು. ಆಕಾಶದಿಂದ ನಕ್ಷತ್ರ ಬಿದ್ದು ಆದದ್ದು ಅನ್ನುತ್ತಾರೆ ಸ್ಥಳೀಯರು. ಸುಣ್ಣಕಲ್ಲು ಕರಗಿ ಕುಸಿದದ್ದು ಅನ್ನುವುದು ಭೂವಿಜ್ಞಾನ. ಕಾಲು ಇಟ್ಟರೆ ಸಣ್ಣ ಮೀನುಗಳು ಬಂದು ಕಚಗುಳಿ ಇಡುತ್ತವೆ. ಇಲ್ಲಿ ಕಾಲು ಇಡಬಹುದು, ಕೇಳಿಕೊಂಡೇ ಇಟ್ಟೆ.

ಇನ್ನೂ ಮುಂದೆ ವಾದಿ ಶಾಬ್. ವಾದಿ ಅಂದರೆ ಬೆಟ್ಟದ ನಡುವಿನ ಕಣಿವೆ, ಮಳೆ ಬಂದರೆ ಹೊಳೆ. ಹೆದ್ದಾರಿಯ ಸೇತುವೆಯ ಕೆಳಗೇ ದೋಣಿ ಹತ್ತಿ ಆಚೆ ದಡಕ್ಕೆ ಹೋಗಬೇಕು. ಮುಕ್ಕಾಲು ಗಂಟೆ ಬಂಡೆ ಹತ್ತಿ ಇಳಿದು ನಡೆಯಬೇಕು. ಆಮೇಲೆ ಒಂದರ ಹಿಂದೆ ಒಂದು ಮಡು, ಈಜಿಕೊಂಡೇ ದಾಟಬೇಕು. ಕೊನೆಯಲ್ಲಿ ತಲೆ ಮಾತ್ರ ತೂರುವಷ್ಟು ಕಿರಿದಾದ ಬಂಡೆಯ ಸಂದಿ. ಒಳಗೆ ಗುಹೆ, ಗುಹೆಯೊಳಗೆ ಜಲಪಾತ. ಇದನ್ನು ಫೋಟೋ ತೆಗೆಯದೆ ಬಿಡುವುದುಂಟೇ ಅಂತ ಪ್ಲಾಸ್ಟಿಕ್ ಚೀಲದಲ್ಲಿ ಫೋನ್ ಹಾಕಿ ಕೊರಳಿಗೆ ಕಟ್ಟಿಕೊಂಡಿದ್ದೆ. ಗುಹೆಯೊಳಗೆ ನೋಡಿದರೆ ಚೀಲದಲ್ಲಿ ಫೋನ್ ಮೀನಿನ ಹಾಗೆ ತೇಲುತ್ತಿತ್ತು. ಹಾಗಾಗಿ ಆ ಜಲಪಾತದ ಒಂದು ಚಿತ್ರವೂ ನನ್ನ ಹತ್ತಿರ ಇಲ್ಲ.

ಗುಲಾಬಿ ಕಾಲದಲ್ಲಿ ಜಬಲ್ ಅಖ್ದರ್ ನೋಡಬೇಕು ಅಂತ ಏಪ್ರಿಲ್‌ನಲ್ಲಿ ಹೊರಟು ಇನ್ನೊಂದು ಪೆಟ್ಟು ತಿಂದೆ. ಆ ಬೆಟ್ಟಕ್ಕೆ ಫೋರ್ ವೀಲ್ ಡ್ರೈವ್ ಗಾಡಿ ಮಾತ್ರ ಬಿಡುವುದು. ಎಲ್ಲರಿಗೂ ಗೊತ್ತಿತ್ತು, ನನಗೊಬ್ಬನಿಗೆ ಇರಲಿಲ್ಲ. ಬುಡದ ಗೇಟಿನಲ್ಲಿ ನಮ್ಮ ಪುಟ್ಟ ಕಾರನ್ನು ನೋಡಿ, ನಕ್ಕು, ತಿರುಗಿಸಿ ಅಂದರು. ಕೆಳಗಿನ ಬಿರ್ಕತ್ ಅಲ್ ಮೌಜ್‌ನಲ್ಲೇ ಉಳಿದೆವು. ಹೆಸರಿನ ಅರ್ಥ ಬಾಳೆಯ ಕೊಳ. ಅಲ್ಲಿ ಫಲಜ್ ಅಲ್ ಖತ್ಮೈನ್ ಮೂರು ಕಾಲುವೆಗಳಾಗಿ ಒಡೆಯುವ ಜಾಗ ಇದೆ. ಮೂರೂ ಸಮ ಪಾಲು. ಒಂದೊಂದಕ್ಕೆ ಒಂದೊಂದು ಎಲೆ ಬಿಟ್ಟು ಯಾವುದು ಮೊದಲು ಹೋಗುತ್ತದೆ ಅಂತ ಇಬ್ಬರೂ ಪಂದ್ಯ ಕಟ್ಟಿದೆವು. ಮೂರು ಸಲವೂ ತೀರ್ಪು ಹೇಳಲು ಆಗಲಿಲ್ಲ.

ಮಳೆ ನೋಡಿದ್ದು ಮುಂದಿನ ಚಳಿಗಾಲದಲ್ಲಿ. ರುಸ್ತಾಖ್‌ನಿಂದ ವಾಪಸು ಬರುತ್ತಿದ್ದೆವು. ಬೆಟ್ಟದ ಕಡೆ ಮೋಡ ಕಟ್ಟಿತ್ತು, ನಮ್ಮ ತಲೆಯ ಮೇಲೆ ನಾಲ್ಕು ಹನಿ ಅಷ್ಟೇ. ಒಳರಸ್ತೆಯೊಂದು ವಾದಿಯನ್ನು ದಾಟುವಲ್ಲಿ ಕಾರುಗಳ ಸಾಲು ನಿಂತಿತ್ತು. ಇಳಿದು ನೋಡಿದರೆ ರಸ್ತೆಯೇ ಇಲ್ಲ. ಬೆಳಗ್ಗೆ ಒಣ ಕಲ್ಲಿನ ಮೇಲೆ ಓಡಿಸಿಕೊಂಡು ಹೋದ ಜಾಗದಲ್ಲಿ ಕೆಂಪು ನೀರು ಬುಸುಗುಟ್ಟುತ್ತಿತ್ತು. ರಸ್ತೆಯಂಚಿನ ಕಂಬಗಳಿಗೆ ಕೆಳಗೆ ಬಿಳಿ, ಮೇಲೆ ಕೆಂಪು ಬಣ್ಣ ಬಳಿದಿರುತ್ತಾರೆ. ನೀರು ಕೆಂಪನ್ನು ಮುಟ್ಟಿತ್ತು. ದಾಟುವ ಹಾಗಿಲ್ಲ. ಹರಿಯುವ ವಾದಿಗೆ ಗಾಡಿ ಇಳಿಸಿದರೆ ದಂಡ, ಜೈಲೂ ಆಗಬಹುದು.

ನಾನು ಗಾಬರಿಯಲ್ಲಿದ್ದೆ. ಸುತ್ತ ನೋಡಿದರೆ ಹಬ್ಬ! ವಾದಿ ಬಂದಿದೆ ಅಂತ ಸುದ್ದಿ ಕೇಳಿ ಹಿಂದಿನ ಊರಿನಿಂದ ಜನ ನೋಡಲೆಂದೇ ಬರುತ್ತಿದ್ದರು. ಅಜ್ಜಿಯರನ್ನು ಕರೆತಂದಿದ್ದರು. ಎತ್ತರದ ಜಾಗದಲ್ಲಿ ಚಾಪೆ ಹಾಸಿ, ಫ್ಲಾಸ್ಕ್ ಇಟ್ಟುಕೊಂಡು ಕೂತರು. ಮಕ್ಕಳು ನೀರಿಗೆ ಕಲ್ಲು ಎಸೆಯುತ್ತಿದ್ದರು. ಒಂದು ಕುಟುಂಬ ನಮ್ಮನ್ನೂ ಕೈ ಬೀಸಿ ಕರೆಯಿತು. ಹೆಂಗಸರು ನನ್ನವಳನ್ನು ತಮ್ಮ ಚಾಪೆಗೆ ಕರೆದುಕೊಂಡರು. ನಾನು ಗಂಡಸರ ಚಾಪೆಯ ಅಂಚಿನಲ್ಲಿ ಕೂತೆ. ಯಾರ ಭಾಷೆಯೂ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ಒಂದು ಮರದ ಬೊಡ್ಡೆ ತೇಲಿ ಬಂತು, ಎಲ್ಲರೂ ಓ ಅಂದೆವು. ಯಾರದೋ ನೀರಿನ ಡ್ರಮ್ ತೇಲಿ ಬಂತು, ಮತ್ತೆ ಓ. 'ನಿಮಗೆ ಹೆದರಿಕೊಂಡು ಓಡಿಹೋಗ್ತಿದೆ' ಅಂತ ಆಚೆ ಚಾಪೆಯಿಂದ ಕನ್ನಡದಲ್ಲಿ ಕೂಗಿದಳು.

ಮೂರು ಗಂಟೆ ಕೂತಿದ್ದೆವು. ಕಂಬದಲ್ಲಿ ಕೆಂಪು ಪೂರ್ತಿ ಕಂಡು, ಬಿಳಿಯೂ ಅರ್ಧ ಕಾಣಿಸಿತು. ಕಾರುಗಳ ದೀಪ ಒಂದೊಂದಾಗಿ ಹತ್ತಿದವು. ಆದರೂ ಮೊದಲು ಇಳಿಯಲು ಯಾರೂ ಮುಂದಾಗಲಿಲ್ಲ. ಹುಡುಗನೊಬ್ಬ ಫ್ಲಾಸ್ಕ್ ಹಿಡಿದು ನನ್ನ ಮುಂದೆ ಬಗ್ಗಿದ. ಅದು ಮೂರನೇ ಬಟ್ಟಲು. ಕುಡಿದು, ಅಲ್ಲಾಡಿಸಿ ಕೊಟ್ಟೆ. ಅವನು ಬಟ್ಟಲು ನೋಡಿದ, ನನ್ನ ಮುಖ ನೋಡಿದ, ಆಮೇಲೆ ಅವನಪ್ಪನ ಕಡೆ ತಿರುಗಿ ಏನೋ ಹೇಳಿದ. ಚಾಪೆ ತುಂಬ ನಗು. ಬಟ್ಟಲನ್ನು ಎಡಗೈಯಲ್ಲಿ ಕೊಟ್ಟಿದ್ದೆ.